ಜೇಬಿಗೆ ರಿವಾಲ್ವರ್: ಹೋಲ್‌ಸ್ಟರ್ ಬೇಕೋ, ಬರಿಜೇಬು ಸಾಕೋ?

ಮಲೆನಾಡಿನ ಮನೆಗಳಲ್ಲಿ ಲೈಸೆನ್ಸಿನ ಆಯುಧ ಅಂದರೆ ಬಹುಪಾಲು ಕೋವಿಯೇ. ಬೆಳೆ ಕಾಯಲು ಅಜ್ಜನ ಕಾಲದಿಂದ ಬಂದ ಒಂಟಿ ನಳಿಗೆಯದ್ದೋ ಜೋಡಿ ನಳಿಗೆಯದ್ದೋ ಇರುತ್ತದೆ. ರಿವಾಲ್ವರ್, ಪಿಸ್ತೂಲು ಇಟ್ಟುಕೊಂಡವರು ಕಡಿಮೆ: ಅಡಿಕೆ ವ್ಯವಹಾರದಲ್ಲಿ ನಗದು ಓಡಾಡಿಸುವವರು, ತೋಟದ ಒಂಟಿಮನೆಯವರು, ಸೇನೆಯಿಂದ ನಿವೃತ್ತರಾಗಿ ಬಂದವರು. ಕೋವಿಯನ್ನು ಹೆಗಲಿಗೇರಿಸಿ ಅಭ್ಯಾಸವಾದ ಮನುಷ್ಯ ಕೈಗೆ ಸಣ್ಣ ರಿವಾಲ್ವರ್ ಬಂದ ಕೂಡಲೇ ಅದನ್ನು ಮೊಬೈಲಿನಂತೆ ಜೇಬಿಗೆ ತುರುಕಿಬಿಡುತ್ತಾನೆ. ಕೋವಿಯ ಉದ್ದವೇ ಅವನನ್ನು ಎಚ್ಚರದಲ್ಲಿ ಇಡುತ್ತಿತ್ತು, ಬಾಗಿಲು ದಾಟುವಾಗಲೂ ನಳಿಗೆ ಎತ್ತ ಇದೆ ಅಂತ ನೋಡಲೇಬೇಕಿತ್ತು. ಜೇಬಿನೊಳಗೆ ಹೋದದ್ದನ್ನು ಯಾರೂ ನೋಡುವುದಿಲ್ಲ, ಇಟ್ಟುಕೊಂಡವನೂ ನೋಡುವುದಿಲ್ಲ.

ಬರಿಜೇಬಿನಲ್ಲಿ ಇಡಬಾರದು, ಒರೆ (ಹೋಲ್‌ಸ್ಟರ್) ಬೇಕೇ ಬೇಕು. ಯಾವ ಒರೆ, ಯಾವ ಜೇಬು, ನಮ್ಮ ಮಳೆಯಲ್ಲಿ ಅದು ಎಷ್ಟು ದಿನ ಬಾಳುತ್ತದೆ ಅನ್ನುವುದರಲ್ಲೇ ಇರುವುದು ನಿಜವಾದ ಕೆಲಸ.

ಕಾಯ್ದೆ ಏನನ್ನುತ್ತದೆ

ನಮ್ಮಲ್ಲಿ ಹೋಲ್‌ಸ್ಟರ್ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯುವಾಗ ಅದು ಅದಕ್ಕೆಂದೇ ಮಾಡಿದ ಒರೆಯಲ್ಲಿ ಮೈಗೆ ಹೊಂದಿಕೊಂಡಿರಬೇಕು, ಇಲ್ಲವೇ ಬೆನ್ನುಚೀಲದಂಥ ಧಾರಕದಲ್ಲಿ ಇರಬೇಕು. ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲೂ ಇರಬೇಕು. ಬರಿಜೇಬು ಈ ಮಾತಿಗೆ ಹೊಂದುವುದಿಲ್ಲ. ಜೇಬಿನಲ್ಲಿ ಸಡಿಲವಾಗಿ ಕೂತ ಒರೆಯನ್ನು ‘ಮೈಗೆ ಹೊಂದಿಕೊಂಡದ್ದು’ ಅನ್ನಬಹುದೋ ಇಲ್ಲವೋ ಎಂದು ರಸ್ತೆಬದಿಯಲ್ಲಿ ಪೊಲೀಸರ ಜತೆ ವಾದಿಸುವುದಕ್ಕಿಂತ, ಒರೆಗೆ ಒಂದು ಪಟ್ಟಿ ಹೊಲಿಸಿ ಸೊಂಟದ ಬೆಲ್ಟಿಗೋ ಜೇಬಿನ ಒಳಗುಂಡಿಗೋ ಸಿಕ್ಕಿಸುವುದು ಸುಲಭ. ಆ ಪಟ್ಟಿಯಿಂದ ಇನ್ನೊಂದು ಲಾಭವೂ ಇದೆ, ಮುಂದೆ ಬರುತ್ತದೆ.

ಲೈಸೆನ್ಸ್ ಪುಸ್ತಕದಲ್ಲಿ ಆಯುಧ ಒಯ್ಯಬಹುದಾದ ಪ್ರದೇಶ ಯಾವುದೆಂದು ಬರೆದಿರುತ್ತದೆ, ಅದನ್ನು ಒಮ್ಮೆ ಓದಿ. ಇಡೀ ರಾಜ್ಯವೇ, ಇಡೀ ದೇಶವೇ ಅನ್ನುವುದು ಲೈಸೆನ್ಸಿನಿಂದ ಲೈಸೆನ್ಸಿಗೆ ಬೇರೆ. ಮಲೆನಾಡಿನವರು ಮರೆಯುವ ಇನ್ನೊಂದು ಕಾಯ್ದೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಯಾವುದೇ ಆಯುಧದೊಂದಿಗೆ ಅಭಯಾರಣ್ಯಕ್ಕೆ ಕಾಲಿಡುವಂತಿಲ್ಲ. ಆಗುಂಬೆ ಘಾಟಿ ಇಳಿದರೆ ಸೋಮೇಶ್ವರ, ಶಿವಮೊಗ್ಗದ ಮಗ್ಗುಲಲ್ಲೇ ಶೆಟ್ಟಿಹಳ್ಳಿ, ಆ ಕಡೆ ಭದ್ರಾ, ಈ ಕಡೆ ಶರಾವತಿ ಕಣಿವೆ. ನಮ್ಮಲ್ಲಿ ಊರಿಂದ ಊರಿಗೆ ಹೋಗುವುದು ಅಂದರೆ ಅಭಯಾರಣ್ಯದ ಅಂಚು ಸವರಿಕೊಂಡು ಹೋಗುವುದೇ. ದಾರಿ ಯಾವುದು ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಜೇಬಿನಲ್ಲಿ ಲೈಸೆನ್ಸಿನ ರಿವಾಲ್ವರ್ ಇದೆ ಅನ್ನುವುದು ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಉತ್ತರವಲ್ಲ.

ಬರಿಜೇಬಿನಲ್ಲಿ ಏನೇನಾಗುತ್ತದೆ

ಮೊದಲನೆಯದು ಟ್ರಿಗರ್. ಜೇಬಿನಲ್ಲಿ ಬೀಗದ ಕೈ ಗೊಂಚಲು, ಪೆನ್ನು, ಸುಣ್ಣದ ಡಬ್ಬಿ, ಅಡಿಕೆ ಕತ್ತರಿಸುವ ಸಣ್ಣ ಚಾಕು ಇವೆಲ್ಲ ಇರುತ್ತವೆ. ಬೀಗದ ಕೈಯ ತುದಿ ಟ್ರಿಗರಿನ ಸುತ್ತಲಿನ ಬಳೆ, ಅಂದರೆ ಟ್ರಿಗರ್ ಗಾರ್ಡಿನೊಳಗೆ ಹೊಕ್ಕರೆ ಹೊರಗಿನಿಂದ ತಿಳಿಯುವುದಿಲ್ಲ. ಡಬಲ್ ಆ್ಯಕ್ಷನ್ ರಿವಾಲ್ವರಿನ ಟ್ರಿಗರ್ ಎಳೆತ ಭಾರ, ನಾಲ್ಕೈದು ಕೆಜಿಯಷ್ಟು ಬಲ ಬೇಕು, ಹಾಗಾಗಿ ಏನೂ ಆಗದು ಅನ್ನುವವರಿದ್ದಾರೆ. ಆದರೆ ಕೂತು ಏಳುವಾಗ ತೊಡೆಯ ಮಡಿಕೆಯಲ್ಲಿ ಹುಟ್ಟುವ ಒತ್ತಡಕ್ಕೆ ಅದು ದೊಡ್ಡ ಲೆಕ್ಕವಲ್ಲ. ಮುಂಜೇಬಿನಲ್ಲಿ ನಳಿಗೆ ಎತ್ತ ನೋಡುತ್ತಿರುತ್ತದೆ ಅಂತ ಯೋಚಿಸಿ: ತೊಡೆಯ ದೊಡ್ಡ ರಕ್ತನಾಳ ಹೋಗುವುದು ಅಲ್ಲೇ. ಅದು ಹರಿದರೆ ಕೆಲವೇ ನಿಮಿಷಗಳ ಮಾತು. ಹೊಸನಗರದ ಒಳಗಿನ ಹಳ್ಳಿಯಿಂದ ಶಿವಮೊಗ್ಗದ ಆಸ್ಪತ್ರೆಗೆ ಎಷ್ಟು ಹೊತ್ತು ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ.

ಎರಡನೆಯದು ಆಯುಧ ತಿರುಗಿಬೀಳುವುದು. ಬರಿಜೇಬಿಗೆ ನಳಿಗೆ ಕೆಳಮುಖವಾಗಿ ಇಳಿಬಿಟ್ಟ ರಿವಾಲ್ವರ್ ನಾಲ್ಕು ಫರ್ಲಾಂಗ್ ನಡೆದ ಮೇಲೆ ಹಾಗೇ ಇರುವುದಿಲ್ಲ. ಭಾರವೆಲ್ಲ ಸಿಲಿಂಡರಿನ (ತೋಟಾ ಕೂರುವ ತಿರುಗುವ ಉರುಳೆಯ) ಹತ್ತಿರ, ಹಿಡಿಕೆ ಅಡ್ಡಗಲ. ಹೆಜ್ಜೆಹೆಜ್ಜೆಗೂ ಕುಲುಕಿ ಹಿಡಿಕೆ ತಳಕ್ಕಿಳಿದು ನಳಿಗೆ ಮೇಲೇಳುತ್ತದೆ. ಗುಡ್ಡ ಹತ್ತಿ ಇಳಿದರಂತೂ ಇನ್ನೂ ಬೇಗ. ಆಮೇಲೆ ಕೈ ಹಾಕಿದರೆ ಸಿಗುವುದು ಹಿಡಿಕೆಯಲ್ಲ, ನಳಿಗೆಯ ತುದಿ. ಅದನ್ನು ಜೇಬಿನೊಳಗೇ ತಿರುಗಿಸಲು ಬೆರಳಾಡಿಸುವ ಹೊತ್ತು ಇಡೀ ವ್ಯವಹಾರದಲ್ಲೇ ಅತಿ ಅಪಾಯದ್ದು.

ಮೂರನೆಯದು ನಮ್ಮ ದೇಶದ ಆಯುಧಕ್ಕೇ ಸಂಬಂಧಿಸಿದ್ದು. ಇಲ್ಲಿ ಲೈಸೆನ್ಸಿಗೆ ಸಾಮಾನ್ಯವಾಗಿ ಸಿಗುವ ಆರ್ಡ್‌ನೆನ್ಸ್ ಕಾರ್ಖಾನೆಯ .32 ರಿವಾಲ್ವರ್ ವೆಬ್ಲಿ ಎಂಬ ಹಳೆಯ ಬ್ರಿಟಿಷ್ ರಿವಾಲ್ವರಿನ ವಂಶದ್ದು. ಸಿಲಿಂಡರ್ ಪಕ್ಕಕ್ಕೆ ಹೊರಳುವುದಿಲ್ಲ, ತೋಟಾ ಕೋವಿಯಂತೆ ನಳಿಗೆಯೇ ಮುಂದಕ್ಕೆ ಬಾಗುತ್ತದೆ. 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬಂದ ನಿರ್ಭೀಕ್ ಕೂಡ ಇದೇ ಮಾದರಿ. ಬಾಗಿಸುವ ಚಿಲಕ ಹ್ಯಾಮರಿನ ಎಡಮಗ್ಗುಲಲ್ಲಿರುತ್ತದೆ (ಕೋವಿಯವರು ‘ಕುದುರೆ’ ಅನ್ನುವ ಭಾಗವೇ ಹ್ಯಾಮರ್). ಬಲಜೇಬಿನಲ್ಲಿಟ್ಟರೆ ಎಡಮಗ್ಗುಲು ತೊಡೆಯ ಕಡೆಗೆ ಬರುತ್ತದೆ. ಬಟ್ಟೆಯ ಮಡಿಕೆಯೋ ಹೆಬ್ಬೆರಳೋ ಆ ಚಿಲಕವನ್ನು ಒತ್ತಿ ಎಳೆದರೆ ಆಯುಧ ಅರ್ಧ ಬಾಯಿ ತೆರೆದುಕೊಂಡು ಹೊರಬರುತ್ತದೆ. ಪೂರ್ತಿ ಬಾಗಿದರೆ ತೋಟಾಗಳನ್ನು ಹೊರದೂಡುವ ಎಜೆಕ್ಟರ್ ತನ್ನ ಕೆಲಸ ಮಾಡುತ್ತದೆ, ತೋಟಾಗಳೆಲ್ಲ ಕಾಲಬುಡಕ್ಕೆ ಉದುರುತ್ತವೆ. ಪಿಸ್ತೂಲಿನಲ್ಲಿ ಇದಕ್ಕೆ ಸಮನಾದ ತೊಂದರೆ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಬಿಡಿಸುವ ಗುಂಡಿಯದು. ಜೇಬಿನಲ್ಲಿ ಒತ್ತಿಹೋಗಿ ಮ್ಯಾಗಜಿನ್ ಅರ್ಧ ಅಂಗುಲ ಜಾರಿರುತ್ತದೆ, ನೋಡಿದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ.

ಇನ್ನು ದೂಳು, ನೂಲಿನ ಎಳೆ, ಹೊಗೆಸೊಪ್ಪಿನ ಪುಡಿ. ಜೇಬಿನ ಮೂಲೆಯನ್ನು ಹೊರಳಿಸಿ ನೋಡಿದರೆ ಗೊತ್ತಾಗುತ್ತದೆ ಅಲ್ಲಿ ಏನೆಲ್ಲ ಇರುತ್ತದೆಂದು. ಅದು ಎಣ್ಣೆಗೆ ಅಂಟಿ ಹ್ಯಾಮರಿನ ಸಂದಿಯಲ್ಲಿ, ಸಿಲಿಂಡರಿನ ಹಿಂಬದಿಯಲ್ಲಿ ಮೆತ್ತಿಕೊಳ್ಳುತ್ತದೆ. ಮೆತ್ತಿದ್ದು ಒಣಗಿದರೆ ಸಿಲಿಂಡರ್ ಬಿಗಿಯಾಗುತ್ತದೆ.

ಮೊದಲು ಅಳತೆ, ಆಮೇಲೆ ಒರೆ

ಎಲ್ಲ ಕೈಬಂದೂಕೂ ಜೇಬಿನದ್ದಲ್ಲ. .32 ರಿವಾಲ್ವರ್ ಸುಮಾರು 178 ಮಿಮೀ ಉದ್ದ, 700 ಗ್ರಾಂ ತೂಕ. ಟೈಟಾನಿಯಂ ಮಿಶ್ರಲೋಹದ ನಿರ್ಭೀಕ್ ತೂಕದಲ್ಲಿ 500 ಗ್ರಾಂ, ಉದ್ದದಲ್ಲಿ ಹೆಚ್ಚುಕಡಿಮೆ ಅಷ್ಟೇ. .22ರ ನಿಡರ್ ರಿವಾಲ್ವರ್ ಇವೆರಡಕ್ಕಿಂತ ಬಹಳ ಚಿಕ್ಕದು, 250 ಗ್ರಾಂ ಆಸುಪಾಸು. ನಿಡರ್‌ನಂಥದ್ದು ಜೇಬಿಗೆ ಹುಟ್ಟಿದ್ದು. ನಿರ್ಭೀಕ್ ಆಳವಾದ ಜೇಬಿಗೆ ಹೊಂದೀತು. 700 ಗ್ರಾಮಿನದ್ದನ್ನು ಜೇಬಿಗೆ ಒಗ್ಗಿಸಲು ಹೋಗಬೇಡಿ, ಅದಕ್ಕೆ ಬೆಲ್ಟಿನ ಒರೆಯೇ ಸರಿ. ಅರ್ಧ ಲೀಟರ್ ನೀರಿನ ಬಾಟಲಿಯೊಂದನ್ನು ಒಂದೇ ಜೇಬಿಗೆ ಹಾಕಿಕೊಂಡು ಒಂದು ದಿನ ತೋಟ ಸುತ್ತಿ ಬನ್ನಿ. ಸಂಜೆ ಹೊತ್ತಿಗೆ ಪ್ಯಾಂಟಿನ ಆ ಪಕ್ಕ ಎಷ್ಟು ಕೆಳಗೆ ಜಗ್ಗಿದೆ ಅಂತ ನೋಡಿದರೆ ತೀರ್ಮಾನ ತಾನಾಗಿ ಆಗುತ್ತದೆ.

ಜೇಬನ್ನು ಅಳೆಯಬೇಕಾದ್ದು ಎರಡು ಕಡೆ. ಬಾಯಿ: ಹಿಡಿಕೆ ಹಿಡಿದಂತೆ ಮುಷ್ಟಿ ಕಟ್ಟಿ, ಆ ಮುಷ್ಟಿ ಒಳಗಿನಿಂದ ಎಲ್ಲೂ ತಡೆಯದೆ ಹೊರಬರಬೇಕು. ದೊಡ್ಡ ಕೈಯವರಿಗೆ 16ರಿಂದ 18 ಸೆಂಮೀ ಬಾಯಿ ಬೇಕಾಗುತ್ತದೆ, ರೆಡಿಮೇಡ್ ಜೀನ್ಸಿನಲ್ಲಿ ಅಷ್ಟು ಸಿಗುವುದು ಕಷ್ಟ. ಆಳ: ಒರೆಯ ಸಮೇತ ಇಳಿಸಿದಾಗ ಹಿಡಿಕೆಯ ತುದಿ ಜೇಬಿನ ಬಾಯಿಂದ ಎರಡು ಬೆರಳು ಒಳಗೆ ಇರಬೇಕು. ಹಿಡಿಕೆ ಹೊರಗೆ ಇಣುಕಿದರೆ ನಿಯಮ ಮುರಿದಂತೆ. ನಾಲ್ಕು ಬೆರಳಿಗಿಂತ ಒಳಗೆ ಹೋದರೆ ಅದನ್ನು ಹುಡುಕಬೇಕಾಗುತ್ತದೆ. ಊರಿನ ದರ್ಜಿಗೆ ಹೇಳಿ ಜೇಬಿನ ಒಳಚೀಲವನ್ನು ಬದಲಿಸಿ: ಮಾಮೂಲಿ ತೆಳು ಪಾಕೆಟ್ ಬಟ್ಟೆಯ ಬದಲು ದಪ್ಪ ಡ್ರಿಲ್ ಬಟ್ಟೆ, ತಳಕ್ಕೆ ಎರಡು ಸಾಲು ಹೊಲಿಗೆ, ಬಾಯಿಯ ಎರಡೂ ತುದಿಗೆ ಅಡ್ಡಹೊಲಿಗೆ. ಏನಿಡುವುದಕ್ಕೆ ಅಂತ ದರ್ಜಿಗೆ ಹೇಳಬೇಕಾಗಿಲ್ಲ, ‘ದೊಡ್ಡ ಮೊಬೈಲು’ ಅಂದರೆ ಸಾಕು. ಆಯುಧ ಇದೆ ಅನ್ನುವುದು ಊರಿಗೆ ಗೊತ್ತಾದಷ್ಟೂ ಕಳವಿನ ಭಯ ಹೆಚ್ಚು.

ಹಿಂಜೇಬು ಬೇಡ, ಕೂತರೆ ಅದರ ಮೇಲೇ ಕೂರುತ್ತೀರಿ. ಅಂಗಿಯ ಎದೆಜೇಬಂತೂ ಬೇಡವೇ ಬೇಡ, ಬಗ್ಗಿದ ಕೂಡಲೇ ಬೀಳುತ್ತದೆ. ಪಂಚೆ ಉಡುವವರದ್ದು ಬೇರೆ ಕತೆ. ಪಂಚೆಯ ಸೊಂಟದ ಮಡಿಕೆಗೆ ಸಿಕ್ಕಿಸುವುದು ಬರಿಜೇಬಿಗಿಂತಲೂ ಕೆಟ್ಟದ್ದು, ಪಂಚೆ ಎತ್ತಿಕಟ್ಟುವಾಗ ಕೈ ಹೋಗುವುದೇ ಆ ಜಾಗಕ್ಕೆ. ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬು ದುಡ್ಡಿಗೆ ಒಳ್ಳೆಯದು, ರಿವಾಲ್ವರಿಗಲ್ಲ. ಲಾಡಿಯ ಮೇಲೆ 500 ಗ್ರಾಂ ನಿಲ್ಲುವುದಿಲ್ಲ. ಪಂಚೆಯ ಮೇಲೆ ಅಗಲವಾದ ಚರ್ಮದ ಬೆಲ್ಟ್ ಕಟ್ಟಿ, ಅದಕ್ಕೆ ಬೆಲ್ಟಿನ ಒರೆ ಹಾಕಿ ಮೇಲೆ ಅಂಗಿ ಬಿಡುವುದೊಂದೇ ದಾರಿ.

ಯಾವ ಒರೆ

ಜೇಬಿನ ಒರೆ ನಾಲ್ಕು ಕೆಲಸ ಮಾಡಬೇಕು: ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಆಯುಧವನ್ನು ನೇರ ನಿಲ್ಲಿಸಬೇಕು, ಎಳೆದಾಗ ತಾನು ಜೇಬಿನಲ್ಲೇ ಉಳಿಯಬೇಕು, ಹೊರಗಿನಿಂದ ಆಕಾರ ಕಾಣದಂತೆ ಮಾಡಬೇಕು. ನಾಲ್ಕರಲ್ಲಿ ಮೊದಲ ಮೂರು ಇಲ್ಲದ ಒರೆಯನ್ನು ಕೊಳ್ಳಬೇಡಿ. ನಾಲ್ಕನೆಯದು ಸ್ವಲ್ಪ ಹೆಚ್ಚುಕಡಿಮೆಯಾದರೆ ಸಡಿಲ ಪ್ಯಾಂಟು ಹಾಕಿದರಾಯಿತು.

ಅಂಗಡಿಯಲ್ಲೂ ಆನ್‌ಲೈನಿನಲ್ಲೂ ‘ಎಲ್ಲ ಮಾದರಿಗೂ ಹೊಂದುತ್ತದೆ’ ಅಂತ ಮಾರುವ ಮೆತ್ತನೆ ನೈಲಾನ್ ಚೀಲಗಳಿವೆ. ಬೆಲೆ ಕಡಿಮೆ, ಕೆಲಸವೂ ಅಷ್ಟೇ. ಬಟ್ಟೆಯ ಮೇಲಿನಿಂದಲೇ ಬೆರಳೊತ್ತಿದರೆ ಟ್ರಿಗರ್ ಕೈಗೆ ಸಿಗುತ್ತದೆ. ಆಯುಧ ತೆಗೆದ ಮೇಲೆ ಚೀಲದ ಬಾಯಿ ಮುಚ್ಚಿಕೊಳ್ಳುತ್ತದೆ, ಮತ್ತೆ ಒಳಗೆ ಹಾಕುವಾಗ ಬಟ್ಟೆಯ ಮಡಿಕೆಯೇ ಟ್ರಿಗರ್ ಗಾರ್ಡಿನೊಳಗೆ ಸೇರುತ್ತದೆ. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದ್ದು ನಮ್ಮ ಮಳೆಗೆ ಅತ್ಯುತ್ತಮ. ನೀರು ಹೀರುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ, ಬಾಯಿ ಸದಾ ತೆರೆದಿರುತ್ತದೆ. ತೊಡಕು ಏನೆಂದರೆ ಮಾರುಕಟ್ಟೆಯಲ್ಲಿ ಸಿಗುವವು ಹೆಚ್ಚಾಗಿ ವಿದೇಶಿ ಪಿಸ್ತೂಲಿನ ಅಚ್ಚಿನವು. ನಮ್ಮ .32ಕ್ಕೆ ಹೊಂದಬೇಕಾದರೆ ಹೇಳಿ ಮಾಡಿಸಬೇಕು. ಅಂಚು ಗಟ್ಟಿ ಇರುವುದರಿಂದ ತೆಳು ಪ್ಯಾಂಟಿನಲ್ಲಿ ಆಕಾರವೂ ಎದ್ದುಕಾಣುತ್ತದೆ.

ಉಳಿಯುವುದು ಚರ್ಮ. ಒರಟು ಮೈ ಹೊರಗೆ, ನಯವಾದ ಮೈ ಒಳಗೆ. ಒರಟು ಮೈ ಜೇಬಿನ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ, ಆಯುಧ ನಯವಾಗಿ ಜಾರಿ ಬರುತ್ತದೆ. ಕೆಲವರು ಅಂದಕ್ಕೆಂದು ನಯವನ್ನು ಹೊರಗೆ ಮಾಡಿಸುತ್ತಾರೆ. ಅಂಥದ್ದು ಎಳೆದಾಗ ಒರೆ ಸಮೇತ ಕೈಗೆ ಬರುತ್ತದೆ.

ಮಾಡಿಸುವುದಾದರೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಬ್ಯಾಗು, ಬೆಲ್ಟು ಹೊಲಿಯುವ ಚರ್ಮದ ಕೆಲಸದವರು ಇದನ್ನು ಚೆನ್ನಾಗಿ ಮಾಡಬಲ್ಲರು. ಆದರೆ ಆಯುಧವನ್ನು ಅವರ ಹತ್ತಿರ ಒಯ್ಯಬಾರದು, ಅಂಗಡಿಯಲ್ಲಿ ಬಿಟ್ಟುಬರುವ ಮಾತಂತೂ ಇಲ್ಲವೇ ಇಲ್ಲ. ಲೈಸೆನ್ಸ್ ನಿಮ್ಮ ಹೆಸರಿನಲ್ಲಿದೆ, ಒಂದು ಗಂಟೆಯ ಮಟ್ಟಿಗೂ ಅದು ಇನ್ನೊಬ್ಬರ ಕೈಗೆ ಹೋಗುವಂತಿಲ್ಲ. ಒಯ್ಯಬೇಕಾದ್ದು ಮರದ ಅಚ್ಚು.

ಅಚ್ಚಿಗೆ ಸಿಲ್ವರ್ ಓಕ್ ಹಲಗೆ ಸಾಕು, ಕಾಫಿ ತೋಟದ ಕಡೆ ಬೇಕಾದಷ್ಟು ಸಿಗುತ್ತದೆ, ಚಾಕುವಿಗೆ ಮೆತ್ತಗೆ. ಮನೆಯಲ್ಲಿ ಕೋಣೆ ಮುಚ್ಚಿಕೊಂಡು ಆಯುಧ ಖಾಲಿ ಮಾಡಿ. ನಳಿಗೆ ಬಾಗಿಸಿ ಸಿಲಿಂಡರಿನ ಆರೂ ತೋಟಾ ಕೋಣೆಗಳನ್ನು ಕಣ್ಣಿನಿಂದ ನೋಡಿ, ಕಿರುಬೆರಳಿಂದ ಮುಟ್ಟಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಆಮೇಲೆ ರಟ್ಟಿನ ಮೇಲೆ ಮಲಗಿಸಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಅಂಚು ಎಳೆಯಿರಿ. ವರ್ನಿಯರಿನಲ್ಲಿ ನಾಲ್ಕು ದಪ್ಪ ಅಳೆದು ರಟ್ಟಿನ ಮೇಲೇ ಬರೆಯಿರಿ: ನಳಿಗೆಯ ಮೂತಿ, ಸಿಲಿಂಡರ್, ಟ್ರಿಗರ್ ಗಾರ್ಡ್, ಹ್ಯಾಮರಿನ ಬುಡ. ಈ ಅಳತೆಗೆ ಮರ ಕೆತ್ತಿ, ಉಪ್ಪುಕಾಗದ ತಿಕ್ಕಿ. ಟ್ರಿಗರ್ ಗಾರ್ಡಿನ ತೂತು ಕೊರೆಯಬೇಡಿ, ಗಟ್ಟಿಯಾಗಿಯೇ ಬಿಡಿ. ಬಣ್ಣ ಹಚ್ಚಬೇಡಿ, ಕಪ್ಪು ಬಳಿದ ಮರದ ಬಂದೂಕು ಬಸ್‌ಸ್ಟ್ಯಾಂಡಿನಲ್ಲಿ ಚೀಲದಿಂದ ಇಣುಕಿದರೆ ಅದೊಂದು ಬೇರೆ ಪಜೀತಿ. ಕೆಲಸ ಮುಗಿದ ಮೇಲೆ ಅದು ಮಕ್ಕಳ ಆಟಿಕೆಯೂ ಆಗಕೂಡದು. ಮರದ್ದರ ಮೇಲೆ ಬೆರಳಾಡಿಸಿ ಕಲಿತ ಮಗು ನಾಳೆ ಕಬ್ಬಿಣದ್ದರ ಮೇಲೂ ಅದನ್ನೇ ಮಾಡುತ್ತದೆ.

ಚರ್ಮ ಗಿಡದ ತೊಗಟೆಯಲ್ಲಿ ಹದ ಮಾಡಿದ್ದಾಗಿರಬೇಕು, ತಂಗಡಿ ತೊಗಟೆಯ ಹದ ಅಂತ ಹಳಬರು ಹೇಳುವಂಥದ್ದು. ದಪ್ಪ 2ರಿಂದ 2.5 ಮಿಮೀ, 25×30 ಸೆಂಮೀ ತುಂಡು ಸಾಕು. ಕ್ರೋಮ್ ಹದದ ಮೆತ್ತನೆ ಚರ್ಮ ಚಪ್ಪಲಿಗೆ ಸರಿ, ಒರೆಗೆ ಆಗದು. ನೆನೆಸಿ ಅಚ್ಚಿಗೆ ಒತ್ತಿದರೆ ಅದು ಆಕಾರ ಹಿಡಿದುಕೊಳ್ಳುವುದಿಲ್ಲ. ಗುರುತಿಸಲು ಅಂಚನ್ನು ನೋಡಿ: ತೊಗಟೆ ಹದದ್ದು ಒಳಗೂ ಕಂದು, ಕ್ರೋಮಿನದ್ದು ಒಳಗೆ ನೀಲಿ ಛಾಯೆಯ ಬೂದು.

ಹೊಲಿಗೆ ಎಲ್ಲಿ ಬರಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಆಯುಧದ ಅಂಚಿನಿಂದ ಹೊಲಿಗೆಗೆ ಇರಬೇಕಾದ ದೂರ ಅಂದರೆ ಆ ಜಾಗದ ದಪ್ಪದ ಅರ್ಧ, ಜತೆಗೆ ಚರ್ಮದ ದಪ್ಪ. ಅಚ್ಚು 36 ಮಿಮೀ ದಪ್ಪ ಇರುವ ಕಡೆ 18ಕ್ಕೆ 2.5 ಸೇರಿಸಿ, 20–21 ಮಿಮೀ. ಹೊಲಿಗೆಯಾಚೆ 8–10 ಮಿಮೀ ಅಂಚು ಬಿಡಿ. ಮೇಣ ಹಚ್ಚಿದ ನೂಲು, 4 ಮಿಮೀಗೊಂದು ಹೊಲಿಗೆ, ಟ್ರಿಗರ್ ಗಾರ್ಡಿನ ಸುತ್ತ ಎರಡು ಸಾಲು. ಮಷಿನ್ ಹೊಲಿಗೆಗಿಂತ ಎರಡು ಸೂಜಿಯ ಕೈಹೊಲಿಗೆ ವಾಸಿ, ಒಂದು ಕಡೆ ಕಿತ್ತರೂ ಪೂರ್ತಿ ಬಿಚ್ಚಿಹೋಗುವುದಿಲ್ಲ. ತೊಡೆಯ ಕಡೆಯ ಪದರವನ್ನು ಹ್ಯಾಮರಿನವರೆಗೆ ಎತ್ತರಿಸಿ ಚಿಲಕವನ್ನು ಮುಚ್ಚುವಂತೆ ಮಾಡಿಸಿ. ಹೊರಗಡೆ ಪದರ ತಗ್ಗಾಗಿರಲಿ, ಹಿಡಿಕೆಗೆ ಬೆರಳು ಸೇರಲು ಜಾಗ ಬೇಕು. ಹಿಂಬದಿಯ ಅಂಚಿಗೆ ಎರಡು ಬೆರಳಗಲದ ಬಾಲ ಬಿಡಿಸಿ. ಎಳೆಯುವಾಗ ಅದು ಜೇಬಿನ ಹೊಲಿಗೆಗೆ ತಾಗಿ ಒರೆಯನ್ನು ಹಿಡಿದಿಡುತ್ತದೆ. ಆ ಬಾಲದ ಮೇಲೇ ಮೊದಲು ಹೇಳಿದ ಪಟ್ಟಿಯನ್ನು ಹೊಲಿಸಿ.

ಹೊಲಿದ ಮೇಲೆ ಉಗುರುಬೆಚ್ಚನೆ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಅದ್ದಿ. ಪ್ಲಾಸ್ಟಿಕ್ ಸುತ್ತಿದ ಮರದ ಅಚ್ಚನ್ನು ಒಳಗಿಟ್ಟು, ಚಮಚದ ಹಿಂಬದಿಯಿಂದ ಟ್ರಿಗರ್ ಗಾರ್ಡಿನ ಸುತ್ತ ಒತ್ತಿ ಗೆರೆ ಮೂಡಿಸಿ. ಬಿಗಿ ಬೇಕಾದ್ದು ಅಲ್ಲಿ ಮಾತ್ರ. ಸಿಲಿಂಡರಿನ ಸುತ್ತ ಬಿಗಿ ಮಾಡಿದರೆ ಎಳೆಯಲು ಬಾರದು. ಬೇಸಿಗೆಯಲ್ಲಿ ನೆರಳಿನಲ್ಲಿ ಒಂದು ದಿನಕ್ಕೆ ಒಣಗುತ್ತದೆ, ಆಷಾಢದಲ್ಲಿ ನಾಲ್ಕು ದಿನ ಕಾಯಬೇಕಾದೀತು. ಅವಸರಕ್ಕೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದಿರೋ ಕೆಟ್ಟಿತು: ಕೊಬ್ಬರಿ ಒಣಗುವ ಬಿಸಿಗೆ ಚರ್ಮ ಮುದುರಿ, ಬಾಯಿ ಚಿಕ್ಕದಾಗಿ, ಮಡಿಸಿದ ಕಡೆ ಬಿರಿಯುತ್ತದೆ.

ಬಳಸುವ ಮೊದಲು ಖಾಲಿ ಆಯುಧದಿಂದ ಮೂರು ಪರೀಕ್ಷೆ. ಹಾಸಿಗೆಯ ಮೇಲೆ ಒರೆಯನ್ನು ತಲೆಕೆಳಗು ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಬೀಳಬಾರದು. ಹೊರಗಿನಿಂದ ಟ್ರಿಗರಿನ ಜಾಗಕ್ಕೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಟ್ರಿಗರ್ ಮಿಸುಕಾಡಬಾರದು. ಜೇಬಿನಿಂದ ಹತ್ತು ಸಲ ಎಳೆಯಿರಿ, ಒಂದು ಸಲವೂ ಒರೆ ಜತೆಗೆ ಬರಬಾರದು. ಹತ್ತರಲ್ಲಿ ಒಂದು ಸಲ ಬಂದರೂ ಬಾಲವನ್ನು ಅಗಲಿಸಬೇಕು. ಈ ಅಭ್ಯಾಸ ಮಾಡುವಾಗ ಮುಂದೆ ಜಂಬಿಟ್ಟಿಗೆಯ ಗೋಡೆ ಇರಲಿ, ಹಲಗೆಯ ಅಡ್ಡಗೋಡೆಯೋ ಹಂಚಿನ ಮಾಡೋ ಬೇಡ.

ಹಾಕಿಕೊಳ್ಳುವ ಕ್ರಮ

ಒರೆಯನ್ನು ಜೇಬಿನಲ್ಲಿಟ್ಟು ಆಯುಧವನ್ನು ಅದರೊಳಗೆ ಇಳಿಸಬಾರದು. ಈ ಒಂದು ತಪ್ಪನ್ನು ಬಹಳ ಜನ ಮಾಡುತ್ತಾರೆ. ಜೇಬಿನೊಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ನಳಿಗೆ ತೊಡೆಯ ಕಡೆಗಿರುತ್ತದೆ, ಕೈ ತಳ್ಳುತ್ತಿರುತ್ತದೆ. ಸರಿಯಾದ ಕ್ರಮ ಹೀಗಿದೆ: ಒರೆಯನ್ನು ಹೊರಗೆ ತೆಗೆದು ಒಳಗೆ ಏನೂ ಇಲ್ಲವೆಂದು ನೋಡಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಟ್ರಿಗರಿನಿಂದ ಬೆರಳು ದೂರ ಇಟ್ಟು, ಹೆಬ್ಬೆರಳನ್ನು ಹ್ಯಾಮರಿನ ಮೇಲಿಟ್ಟು ಆಯುಧವನ್ನು ಒರೆಗೆ ಇಳಿಸಿ. ಹ್ಯಾಮರ್ ಮೇಲೇಳಲು ನೋಡಿದರೆ ಒಳಗೆ ಏನೋ ಟ್ರಿಗರಿಗೆ ತಾಗುತ್ತಿದೆ ಅಂತ ಹೆಬ್ಬೆರಳಿಗೇ ಮೊದಲು ತಿಳಿಯುತ್ತದೆ. ಆಮೇಲೆ ಒರೆ ಸಮೇತ ಜೇಬಿಗೆ ಇಳಿಸಿ ಪಟ್ಟಿ ಸಿಕ್ಕಿಸಿ. ತೆಗೆದಿಡುವಾಗಲೂ ಹಾಗೇ, ಒರೆ ಸಮೇತ ಹೊರಗೆ.

ಆ ಜೇಬಿನಲ್ಲಿ ಇನ್ನೇನೂ ಇರಬಾರದು. ಬಸ್ ಟಿಕೆಟ್ಟೂ ಬೇಡ. ಬಿಡಿ ತೋಟಾಗಳೂ ಬೇಡ.

ಆರು ತೋಟಾದ ಹಳೆಯ ರಿವಾಲ್ವರಿನಲ್ಲಿ ಐದನ್ನೇ ತುಂಬಿ, ಹ್ಯಾಮರಿನ ಕೆಳಗಿನ ಕೋಣೆಯನ್ನು ಖಾಲಿ ಬಿಡುವುದು ಒಳ್ಳೆಯದು. ಕಲ್ಲಿನ ಮೆಟ್ಟಿಲ ಮೇಲೆ ಹ್ಯಾಮರ್ ಬಡಿದು ಬಿದ್ದರೂ ಅಲ್ಲಿ ಸಿಡಿಯಲು ತೋಟಾ ಇರುವುದಿಲ್ಲ. ಪಿಸ್ತೂಲಾದರೆ ಚೇಂಬರ್ ಖಾಲಿ. ಒಂದು ಕಡಿಮೆಯಾಯಿತಲ್ಲ ಅನ್ನುವವರಿಗೆ ಉತ್ತರ ಇಷ್ಟೇ, ಇಡೀ ಆಯುಷ್ಯದಲ್ಲಿ ಆಯುಧ ಕೆಳಗೆ ಬೀಳುವ ಸಂದರ್ಭ ಅದನ್ನು ಬಳಸುವ ಸಂದರ್ಭಕ್ಕಿಂತ ಎಷ್ಟೋ ಪಾಲು ಹೆಚ್ಚು.

ಬೈಕಿನ ಮೇಲೆ ಜೇಬಿನ ಒರೆ ಬೇಡ. ಕಾಲು ಮಡಿಸಿ ಕೂತಾಗ ಜೇಬು ಅಡ್ಡಬೀಳುತ್ತದೆ, ಹಿಡಿಕೆ ಬಾಯಿಯ ಕಡೆಗೆ ಜಾರುತ್ತದೆ. ಆಗುಂಬೆಯ 14 ತಿರುವು ಇಳಿಯುವಷ್ಟರಲ್ಲಿ ಅದು ಅರ್ಧ ಹೊರಗೆ ಬಂದಿರುತ್ತದೆ. ಪಟ್ಟಿ ಇದ್ದರೆ ರಸ್ತೆಗೆ ಬೀಳುವುದು ತಪ್ಪೀತು, ಆದರೂ ಬೈಕಿಗೆ ಬೆಲ್ಟಿನ ಒರೆ, ಮೇಲೆ ಜಾಕೆಟ್. ಕಾರಿನಲ್ಲೂ ಕೂತಲ್ಲಿಂದ ಜೇಬಿಗೆ ಕೈ ಹಾಕುವುದು ಆಗದ ಕೆಲಸ. ಸೀಟಿನ ಪಕ್ಕಕ್ಕೋ ಡ್ಯಾಶ್‌ಬೋರ್ಡಿನ ಡಬ್ಬಿಗೋ ವರ್ಗಾಯಿಸುವ ಚಪಲ ಹುಟ್ಟುತ್ತದೆ, ಅಲ್ಲಿಂದಲೇ ಮರೆವೂ ಕಳವೂ ಶುರು. ಕಳೆದುಹೋದರೆ ಆ ಕ್ಷಣವೇ ಠಾಣೆಗೆ ತಿಳಿಸಬೇಕು, ಹುಡುಕಿ ನೋಡಿ ನಾಳೆ ಹೇಳೋಣ ಅನ್ನುವಂತಿಲ್ಲ.

ಮಳೆಗಾಲ

ವರ್ಷಕ್ಕೆ 7,000 ಮಿಮೀ ದಾಟುವ ಆಗುಂಬೆಯ ಮಳೆಯನ್ನು ಬಿಡಿ, ತೀರ್ಥಹಳ್ಳಿಯ ಮಳೆಗೇ ಚರ್ಮ ಸೋಲುತ್ತದೆ. ನೇರ ನೆನೆಯಬೇಕೆಂದಿಲ್ಲ. ಪ್ಲಾಸ್ಟಿಕ್ ರೇನ್‌ಕೋಟಿನೊಳಗೆ ಬೆವರು ಹರಿದು ಜೇಬಿಗಿಳಿಯುತ್ತದೆ, ಬೆವರಿನಲ್ಲಿ ಉಪ್ಪು, ಉಪ್ಪಿನ ಹಿಂದೆ ತುಕ್ಕು. ಉಂಬಳಕ್ಕೆಂದು (ಜಿಗಣೆಗೆಂದು) ಉಪ್ಪು, ಹೊಗೆಸೊಪ್ಪು ಕಟ್ಟಿದ ಬಟ್ಟೆಗಂಟನ್ನು ಜೇಬಿನಲ್ಲಿಟ್ಟುಕೊಳ್ಳುವವರು ಅದನ್ನು ಇನ್ನೊಂದು ಪಕ್ಕದ ಜೇಬಿಗೆ ವರ್ಗಾಯಿಸಲೇಬೇಕು. ತುಕ್ಕು ಮೊದಲು ಕಾಣುವುದು ಹಿಡಿಕೆಯ ಹಲಗೆಯ ಕೆಳಗೆ, ಸ್ಕ್ರೂ ತಲೆಯ ಸುತ್ತ, ಸಿಲಿಂಡರಿನ ಗೀರುಗಳಲ್ಲಿ. ಹೊರಮೈ ಹೊಳೆಯುತ್ತಿದೆ ಅಂತ ನಂಬಬೇಡಿ. ಟೈಟಾನಿಯಂ ಮಿಶ್ರಲೋಹದ ನಿರ್ಭೀಕ್‌ನಲ್ಲೂ ಸ್ಪ್ರಿಂಗು, ಪಿನ್ನುಗಳು ಉಕ್ಕಿನವೇ.

ಮನೆಗೆ ಬಂದ ಮೇಲೆ ಕಾಫಿಗೆ ಮೊದಲು ಈ ಕೆಲಸ: ಖಾಲಿ ಮಾಡಿ, ಒಣಬಟ್ಟೆಯಲ್ಲಿ ಒರೆಸಿ, ಬಂದೂಕಿನ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಹಾಕಿ ಮೈಗೆ ಸವರಿ. ಸಿಲಿಂಡರಿನ ಕೋಣೆಗಳಲ್ಲಿ ಎಣ್ಣೆ ನಿಲ್ಲಬಾರದು. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿಗೆ ಎಣ್ಣೆ ಇಳಿದರೆ ಅದು ಸಿಡಿಯದೆ ಹೋದೀತು. ನೆನೆದ ತೋಟಾಗಳನ್ನು ಬೇರೆ ಡಬ್ಬಿಯಲ್ಲಿಡಿ, ಒಯ್ಯುವುದಕ್ಕೆ ಮತ್ತೆ ಬಳಸಬೇಡಿ.

ಆಯುಧವನ್ನು ಚರ್ಮದ ಒರೆಯಲ್ಲೇ ರಾತ್ರಿ ಬಿಡಬೇಡಿ. ಒರೆ ತೇವವನ್ನು ಹೀರಿ ಉಕ್ಕಿಗೆ ಒತ್ತಿ ಹಿಡಿದಿರುತ್ತದೆ, ಹದಕ್ಕೆ ಬಳಸಿದ ಆಮ್ಲವೂ ಅದರಲ್ಲಿರುತ್ತದೆ. ಚರ್ಮದ ತೋಟಾಪಟ್ಟಿಯಲ್ಲಿಟ್ಟ ಹಿತ್ತಾಳೆ ತೋಟಾಗಳ ಬುಡದಲ್ಲಿ ಹಸಿರು ಕಿಲುಬು ಕಟ್ಟುವುದೂ ಇದರಿಂದಲೇ. ಕಿಲುಬು ಕಟ್ಟಿದ ತೋಟಾ ಕೋಣೆಯಲ್ಲಿ ಸಿಕ್ಕಿಕೊಂಡರೆ ಎಜೆಕ್ಟರಿನಿಂದಲೂ ಬರುವುದಿಲ್ಲ. ಬೀಗ ಹಾಕುವ ಪೆಟ್ಟಿಗೆಯಲ್ಲಿ ಆಯುಧ ಒಂದು ಕಡೆ, ಒರೆ ಹೊರಗೆ ಗಾಳಿಯಾಡುವಲ್ಲಿ. ಪೆಟ್ಟಿಗೆಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀಲಿಯದ್ದು ಗುಲಾಬಿಯಾದರೆ, ಕಿತ್ತಳೆಯದ್ದು ಹಸಿರಾದರೆ ಬಿಸಿ ಮಾಡಿ ಒಣಗಿಸಬೇಕು. ಜೂನ್–ಜುಲೈಯಲ್ಲಿ ಅದು ಅಂದುಕೊಂಡದ್ದಕ್ಕಿಂತ ಬೇಗ ಬಣ್ಣ ಬದಲಿಸುತ್ತದೆ. ಮೊಬೈಲು ನೆನೆದಾಗ ಮಾಡಿದಂತೆ ಅಕ್ಕಿಡಬ್ಬಿಯಲ್ಲಿ ಹುಗಿಯುವ ಉಪಾಯ ಬೇಡ, ಮಳೆಗಾಲದಲ್ಲಿ ಅಕ್ಕಿಗೇ ತೇವ.

ಒರೆಗೆ ಬೂಷ್ಟು ಹಿಡಿದರೆ ಹೊರಗೆ ಒಯ್ದು ಒಣ ಬ್ರಷ್ಷಿನಲ್ಲಿ ಉಜ್ಜಿ, ಸ್ಪಿರಿಟ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಡಿ. ತೆಂಗಿನೆಣ್ಣೆ ಹಚ್ಚಬೇಡಿ. ಚರ್ಮ ಮೆತ್ತಗಾಗಿ ಬಾಯಿ ಜೋಲುತ್ತದೆ, ಬೂಷ್ಟು ಇನ್ನೂ ಜೋರಾಗಿ ಬರುತ್ತದೆ. ಅಂಚಿಗೆ ಮೇಣ ಸಾಕು. ಬಾಯಿ ಒಮ್ಮೆ ಮೆತ್ತಗಾಗಿ ಒಳಮುಖ ಮಡಿಸಿಕೊಳ್ಳಲು ಶುರುವಾದರೆ ಆ ಒರೆಯ ಆಯುಷ್ಯ ಮುಗಿದಂತೆ. ಎರಡು ತುಂಡು ಕತ್ತರಿಸಿ ಎಸೆಯಿರಿ, ಇನ್ನೊಬ್ಬರಿಗೆ ದಾಟಿಸಬೇಡಿ.

ಚುನಾವಣೆ ಬಂದಾಗ ಲೈಸೆನ್ಸಿನ ಆಯುಧಗಳನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರಲ್ಲ, ಆಗಲೂ ಒರೆಯ ವಿಷಯ ನೆನಪಿರಲಿ. 2024ರ ಲೋಕಸಭೆ ಚುನಾವಣೆಯಲ್ಲಿ ಶಿವಮೊಗ್ಗದ ಮತದಾನ ಮೇ 7ಕ್ಕೆ ಇತ್ತು, ಎಣಿಕೆ ಜೂನ್ 4ಕ್ಕೆ, ಅಂದರೆ ಮಳೆಯ ಬಾಗಿಲಿಗೆ. ಚರ್ಮದ ಒರೆಯೊಳಗೇ ಒಪ್ಪಿಸಿದ ರಿವಾಲ್ವರ್ ವಾರಗಟ್ಟಲೆ ಮುಟ್ಟುವವರಿಲ್ಲದೆ ಹಾಗೇ ಕೂತಿರುತ್ತದೆ. ಖಾಲಿ ಮಾಡಿ, ಒಳಗೂ ಹೊರಗೂ ಎಣ್ಣೆ ಸವರಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಕೊಡಿ. ರಸೀದಿಯಲ್ಲಿ ಆಯುಧದ ನಂಬರ್ ಸರಿಯಾಗಿ ಬರೆದಿದ್ದಾರೆಯೇ ಅಂತ ಅಲ್ಲೇ ಓದಿ ನೋಡಿ. ಒರೆಯನ್ನು ಮನೆಗೆ ತನ್ನಿ.